ಡೊಂಬಿವಲಿಯಿಂದ ನಲವತ್ತು ಮೀಟರಿನಾಚೆಗೆ

ಥಾಣೆಯ ಖಾಡಿಗೆ ಮೊಣಕೈವರೆಗೆ ಕೈ ಇಳಿಬಿಟ್ಟರೆ ನಮ್ಮ ಬೆರಳು ನಮಗೇ ಕಾಣುವುದಿಲ್ಲ. ಕಾಂಡ್ಲಾ ಬೇರುಗಳ ಕೆಸರು, ಊರಿನ ಕೊಳಚೆ, ದಿನಕ್ಕೆರಡು ಸಲ ಎಲ್ಲವನ್ನೂ ಕಲಕಿ ಹೋಗುವ ಭರತ–ಇಳಿತ. 2022ರಲ್ಲಿ ರಾಮ್‌ಸರ್ ತಾಣವೆಂದು ಹೆಸರು ಪಡೆದ ಈ ಖಾಡಿ ರಾಜಹಂಸಗಳಿಗೆ ಸ್ವರ್ಗ, ಡೈವರನಿಗೆ ಏನೂ ಅಲ್ಲ. ಹಾಗಿದ್ದೂ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ಸ್ಕೂಬಾ ಕಾರ್ಡು ಜೇಬಿನಲ್ಲಿಟ್ಟುಕೊಂಡವರು ಈಗ ಅಪರೂಪವಲ್ಲ. ಐರೋಲಿಯ ಐಟಿ ಕಚೇರಿಯವರು, ಬ್ಯಾಂಕಿನವರು, ಡಾಕ್ಟರರು, ಹೋಟೆಲು ನಡೆಸುವವರ ಮನೆಯ ಹುಡುಗ ಹುಡುಗಿಯರು. ಇವರ ಸಮುದ್ರ ಇರುವುದು ಕೊಂಕಣ ರೈಲಿನ ಆ ತುದಿಯಲ್ಲಿ. ಮಾಲ್ವಣ, ತಾರ್ಕರ್ಲಿಗೆ ಹೋಗುವವರು ಕುಡಾಳದಲ್ಲೋ ಸಿಂಧುದುರ್ಗದಲ್ಲೋ ಇಳಿಯುತ್ತಾರೆ. ನೇತ್ರಾಣಿಗೆ ಹೋಗುವ ನಮ್ಮವರು ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧಾ ಹತ್ತುತ್ತಾರೆ. ಇವರ ಹಿಂದಿನ ತಲೆಮಾರು ಊರಿನ ಕೋಲಕ್ಕೆ, ಮದುವೆಗೆ ಹೋಗುತ್ತಿದ್ದುದೂ ಇದೇ ಗಾಡಿಯಲ್ಲಿ.

ಮೆಟ್ಟಿಲುಗಳು ಎಲ್ಲರಿಗೂ ಒಂದೇ. ಮೊದಲು ಮಾಲ್ವಣದಲ್ಲಿ ಪ್ರವಾಸಿಯಾಗಿ, ತರಬೇತಿದಾರ ಬೆನ್ನಿನ ಪಟ್ಟಿ ಹಿಡಿದುಕೊಂಡಿರುವಾಗ, ಹತ್ತು ಮೀಟರಿಗೂ ಕಡಿಮೆ ಆಳದಲ್ಲಿ ಒಂದು ಮುಳುಗು ಮತ್ತು ಒಂದು ಫೋಟೊ. ರುಚಿ ಹತ್ತಿದವರು ಈಜುಕೊಳದಲ್ಲಿ ಪಾಠ ಮುಗಿಸಿ ಸಮುದ್ರದಲ್ಲಿ ನಾಲ್ಕು ಡೈವ್ ಮಾಡಿ ‘ಓಪನ್ ವಾಟರ್’ ಪಾಸಾಗುತ್ತಾರೆ. 18 ಮೀಟರಿನವರೆಗೆ ಪರವಾನಗಿ. ‘ಅಡ್ವಾನ್ಸ್ಡ್’ ಆದರೆ 30. ಆಳದ ವಿಶೇಷ ಕೋರ್ಸು ಮಾಡಿದರೆ 40. ಹವ್ಯಾಸಿ ಡೈವಿಂಗಿನ ಗಡಿ ಅಲ್ಲಿಗೆ ಮುಗಿಯಿತು. ಎರಡು ಮೂರು ಸೀಸನ್ ಕಳೆದು, ಅಂಡಮಾನಿಗೊಮ್ಮೆ ಹೋಗಿಬಂದು, ಲಾಗ್‌ಬುಕ್ ದಪ್ಪವಾದ ಮೇಲೆ ಕೇಳುವ ಪ್ರಶ್ನೆ ಮುಂದೇನು ಎಂಬುದು. ಡೈವಿಂಗ್ ಮಾರುಕಟ್ಟೆಯ ಬಳಿ ಉತ್ತರ ತಯಾರಾಗಿಯೇ ಇದೆ: ಟೆಕ್ನಿಕಲ್ ಡೈವಿಂಗ್, ಆ ವಲಯದವರ ಬಾಯಲ್ಲಿ ಬರೀ ‘ಟೆಕ್’. ಈ ಉತ್ತರವನ್ನು ಎಲ್ಲ ಕಡೆಯಿಂದ ನೋಡಿದ ಮೇಲೆ ನನಗನ್ನಿಸುವುದಿಷ್ಟು. ಟೆಕ್ ಎನ್ನುವುದು ಹಿಂದಿನ ಮೆಟ್ಟಿಲುಗಳ ಮೇಲಿನ ಇನ್ನೊಂದು ಮೆಟ್ಟಿಲಲ್ಲ. ಅದು ಬೇರೆಯೇ ಕೆಲಸ, ಮತ್ತು ಕೆಲಸವಿಲ್ಲದವನು ಅಲ್ಲಿಗೆ ಹೋಗಬೇಕಾದ ಅಗತ್ಯ ಕಡಿಮೆ.

ವ್ಯತ್ಯಾಸವೇನೆಂದು ಕೇಳಿದರೆ ಹೆಚ್ಚಿನವರು ಆಳ ಎನ್ನುತ್ತಾರೆ. ಆಳ ಎರಡನೆಯ ಮಾತು. ಹವ್ಯಾಸಿ ಡೈವಿಂಗಿನ ನಿಯಮಗಳೆಲ್ಲ ಒಂದು ಭರವಸೆಯ ಮೇಲೆ ನಿಂತಿವೆ: ಏನೇ ಆಗಲಿ, ಯಾವ ಗಳಿಗೆಯಲ್ಲಾಗಲಿ, ನಿಧಾನವಾಗಿ ನೇರ ಮೇಲಕ್ಕೆ ಬಂದುಬಿಡಬಹುದು. ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತಕ್ಕೆ, ಕೊಬ್ಬಿಗೆ, ಕೀಲುಗಳಿಗೆ ಸೇರುತ್ತ ಹೋಗುತ್ತದೆ. ಒಂದು ಮಿತಿಯವರೆಗೆ ಮೇಲೆ ಬರುವಾಗ ಉಸಿರಿನಲ್ಲೇ ಹೊರಬಿದ್ದುಹೋಗುತ್ತದೆ. ಆ ಮಿತಿ ದಾಟಿದರೆ ಗುಳ್ಳೆಯಾಗುತ್ತದೆ. ಕೀಲಿನಲ್ಲಾದರೆ ನೋವು, ಬೆನ್ನುಹುರಿಯಲ್ಲಾದರೆ ಕಾಲು ಸ್ವಾಧೀನ ತಪ್ಪಬಹುದು. ಹವ್ಯಾಸಿಗಳು ಬಳಸುವ ಒಂದು ಹೆಸರಾಂತ ಕೋಷ್ಟಕದಲ್ಲಿ 18 ಮೀಟರಿನಲ್ಲಿ 56 ನಿಮಿಷ ಇರಬಹುದು, 30ರಲ್ಲಿ 20 ನಿಮಿಷ, 40ರಲ್ಲಿ ಬರೀ 9. ಇದನ್ನು ಮೀರಿದವನ ತಲೆಯ ಮೇಲೆ ಕಣ್ಣಿಗೆ ಕಾಣದ ಮುಚ್ಚಳವೊಂದು ಬೀಳುತ್ತದೆ. 12 ಮೀಟರಿನಲ್ಲಿ ಇಷ್ಟು ನಿಮಿಷ, 9ರಲ್ಲಿ ಇಷ್ಟು, 6ರಲ್ಲಿ ಇನ್ನಷ್ಟು ಎಂದು ನಿಂತು ನಿಂತು ಬರಬೇಕು. ಹವ್ಯಾಸಿಯದು ಎಲ್ಲ ಸ್ಟೇಷನ್ನಿನಲ್ಲೂ ಇಳಿಯಬಹುದಾದ ಸ್ಲೋ ಲೋಕಲ್, ಟೆಕ್ ಡೈವರನದು ಫಾಸ್ಟ್ ಲೋಕಲ್. ನಡುವೆ ಎದೆನೋವು ಬಂತೆಂದರೂ ಮುಂದಿನ ನಿಲ್ದಾಣದವರೆಗೆ ಬಾಗಿಲಲ್ಲೇ ನಿಂತಿರಬೇಕು.

ನಿಂತು ನಿಂತು ಮೇಲೆ ಬರುವ ಈ ಪದ್ಧತಿಗೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಬ್ರಿಟಿಷ್ ನೌಕಾಪಡೆಗಾಗಿ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳನ್ನು ಒತ್ತಡದ ಕೋಣೆಯೊಳಗೆ ಬಿಟ್ಟು ಪರೀಕ್ಷೆ ಮಾಡಿ, 1908ರಲ್ಲಿ ಮೊದಲ ಕೋಷ್ಟಕಗಳನ್ನು ಪ್ರಕಟಿಸಿದರು. ಇಂದು ಡೈವರುಗಳ ಮಣಿಕಟ್ಟಿನಲ್ಲಿರುವ ಬಹುಪಾಲು ಟೆಕ್ ಕಂಪ್ಯೂಟರುಗಳು ನಡೆಯುವುದು ಜ್ಯೂರಿಚ್‌ನ ಆಲ್ಬರ್ಟ್ ಬ್ಯೂಲ್‌ಮನ್ ಕಟ್ಟಿದ ಲೆಕ್ಕದ ಮೇಲೆ, ಅದರ ಬೇರು ಹಾಲ್ಡೇನರಲ್ಲೇ ಇದೆ.

ಮೇಲೆ ಬರುವ ದಾರಿ ಮುಚ್ಚಿದ ಮೇಲೆ ಗಾಳಿಯ ಲೆಕ್ಕವೂ ಬದಲಾಗುತ್ತದೆ. ಅಥವಾ ಹೀಗೆನ್ನಿ: ಮೊದಲೇ ಮಾಡಬೇಕಾಗಿದ್ದ ಲೆಕ್ಕವನ್ನು ಈಗ ಮಾಡದೆ ವಿಧಿಯಿಲ್ಲ. ನಮ್ಮ ಕಡಲತೀರದಲ್ಲೆಲ್ಲ ಬಾಡಿಗೆಗೆ ಸಿಗುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್. 200 ಬಾರ್ ತುಂಬಿದರೆ 2,200 ಲೀಟರ್ ಗಾಳಿ. ಶಾಂತವಾಗಿರುವ ಡೈವರ್ ನೀರಿನ ಮೇಲ್ಮಟ್ಟದ ಲೆಕ್ಕದಲ್ಲಿ ನಿಮಿಷಕ್ಕೆ 20 ಲೀಟರ್ ಸೇದುತ್ತಾನೆ ಎಂದುಕೊಳ್ಳೋಣ. ಹತ್ತು ಮೀಟರಿಗೊಂದರಂತೆ ಒತ್ತಡ ಕೂಡಿ 40 ಮೀಟರಿನಲ್ಲಿ ಅದು ಐದು ಪಟ್ಟಾಗುತ್ತದೆ, ಆಗ ನಿಮಿಷಕ್ಕೆ ಖರ್ಚು 100 ಲೀಟರ್. ಇಪ್ಪತ್ತೆರಡು ನಿಮಿಷ ಸಿಕ್ಕಿತು ಎಂದು ಖುಷಿಪಡುವ ಮೊದಲು ಜೊತೆಗಾರನ ಗಾಳಿ ನಿಂತುಹೋಯಿತು ಎಂದು ಊಹಿಸಿ. ಇಬ್ಬರೂ ಒಂದೇ ಸಿಲಿಂಡರಿನಿಂದ ಉಸಿರಾಡಬೇಕು, ಗಾಬರಿಯಲ್ಲಿ ತಲಾ 30 ಲೀಟರ್. ತಳದಲ್ಲಿ ಸುಧಾರಿಸಿಕೊಳ್ಳಲು ಒಂದು ನಿಮಿಷಕ್ಕೆ 300 ಲೀಟರ್. ನಿಮಿಷಕ್ಕೆ 9 ಮೀಟರಿನಂತೆ ಏರುವ ನಾಲ್ಕೂವರೆ ನಿಮಿಷಕ್ಕೆ, ಸರಾಸರಿ ಮೂರು ಬಾರ್ ಒತ್ತಡ ಹಿಡಿದರೆ, 810. 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಲು 270. ಒಟ್ಟು 1,380 ಲೀಟರ್, ಅಂದರೆ ಮಾಪಕದಲ್ಲಿ 125 ಬಾರ್. ಇದು ನಮ್ಮದಲ್ಲ, ಜೊತೆಗಾರನ ಜೀವದ ಠೇವಣಿ. ನಮ್ಮ ಪಾಲಿಗೆ ಉಳಿದದ್ದು 75 ಬಾರ್: ಇಳಿಯುವುದೂ ಸೇರಿ ಎಂಟು ನಿಮಿಷ.

ಹವ್ಯಾಸಿ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಕೇಳಿಸುವ ಮಾತು ‘50 ಬಾರ್ ಉಳಿಸಿಕೊಂಡು ಮೇಲೆ ಬನ್ನಿ’ ಎಂದು. ಹನ್ನೆರಡು ಮೀಟರಿನಲ್ಲಿ ಅದು ನಡೆದುಹೋಗುತ್ತದೆ. ನಲವತ್ತರಲ್ಲಿ ಅದೇ ಮಾತು ಇಬ್ಬರಿಗೆ ಒಬ್ಬರ ಗಾಳಿಯೂ ಸಾಲದ ಲೆಕ್ಕ. ಟೆಕ್ ತರಗತಿಯ ನಿಜವಾದ ಉಪಕಾರ ಈ ಅಂಕಗಣಿತ ಎಂದು ನನ್ನ ಅಭಿಪ್ರಾಯ, ಮತ್ತು ಇದನ್ನು ಕಲಿಯಲು ಟೆಕ್ ತರಗತಿಯೇ ಬೇಕಿಲ್ಲ. ಡೊಂಬಿವಲಿಯಿಂದ ದಾದರಿನವರೆಗೆ ನಿಂತು ಹೋಗುವಾಗ ಮೊಬೈಲಿನಲ್ಲಿ ಮಾಡಿ ಮುಗಿಸಬಹುದು.

ಆಳದ ವಿಚಾರಕ್ಕೆ ಬರೋಣ. ಮೂವತ್ತು ಮೀಟರ್ ದಾಟುತ್ತಿದ್ದಂತೆ ನೈಟ್ರೋಜನ್ನಿನ ಅಮಲು ಏರತೊಡಗುತ್ತದೆ. ಕೆಲವರಿಗೆ ಖುಷಿ, ಕೆಲವರಿಗೆ ಸುಮ್ಮನೆ ಭಯ, ಎಲ್ಲರಿಗೂ ಬುದ್ಧಿ ಮಂದ. ಮಾಪಕವನ್ನು ನೋಡಿಯೂ ಅಂಕಿ ತಲೆಗೆ ಹೋಗುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಈಚಿನ ವರ್ಷಗಳಲ್ಲಿ ಹೆಚ್ಚು ಚರ್ಚೆಗೆ ಬಂದದ್ದು ಇನ್ನೊಂದು: ಒತ್ತಡದಲ್ಲಿ ಗಾಳಿ ದಟ್ಟವಾಗಿ, ಎದೆ ಅದನ್ನು ಎಳೆದು ಬಿಡಲು ಸೋಲುತ್ತದೆ, ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುತ್ತದೆ. ಗ್ಯಾವಿನ್ ಆಂಟನಿ ಮತ್ತು ಸೈಮನ್ ಮಿಚೆಲ್ 2016ರಲ್ಲಿ ಕೊಟ್ಟ ಶಿಫಾರಸು ಉಸಿರಾಡುವ ಅನಿಲ ಲೀಟರಿಗೆ 5.2 ಗ್ರಾಂ ಒಳಗಿರಲಿ, 6.2 ಅನ್ನು ಎಂದೂ ಮೀರದಿರಲಿ ಎಂಬುದು. ಸಾದಾ ಗಾಳಿ ಮೊದಲನೆಯ ಅಂಕಿಯನ್ನು ಮುಟ್ಟುವುದು ಸುಮಾರು 31 ಮೀಟರಿನಲ್ಲಿ, ಎರಡನೆಯದನ್ನು 39ರಲ್ಲಿ. ಹಳಬರು ಅನುಭವದಿಂದ ಎಳೆದ 40 ಮೀಟರಿನ ಗೆರೆಗೆ ಹೀಗೆ ತಡವಾಗಿ ಇನ್ನೊಂದು ಸಮರ್ಥನೆ ಸಿಕ್ಕಿತು. ಹಾಗಾಗಿ ಸಾದಾ ಗಾಳಿಯಲ್ಲೇ 55 ಮೀಟರಿನವರೆಗೆ ಇಳಿಯುವುದನ್ನು ಕಲಿಸುವ ಕೋರ್ಸುಗಳು ಇನ್ನೂ ಇರುವುದು ನನಗೆ ಸರಿಕಾಣುವುದಿಲ್ಲ.

ಪರಿಹಾರ ಹೀಲಿಯಂ. ಆಮ್ಲಜನಕ, ಹೀಲಿಯಂ, ನೈಟ್ರೋಜನ್ ಮೂರೂ ಸೇರಿದ ಟ್ರೈಮಿಕ್ಸ್ ಹಗುರ, ಅಮಲೂ ಕಡಿಮೆ. 60 ಮೀಟರಿಗೆ ಸಾಮಾನ್ಯವಾಗಿ ಬಳಸುವ ಒಂದು ಮಿಶ್ರಣದಲ್ಲಿ ಆಮ್ಲಜನಕ 18, ಹೀಲಿಯಂ 45 ಭಾಗ. ಆಮ್ಲಜನಕವನ್ನು ಕಡಿಮೆ ಮಾಡುವುದೇಕೆಂದರೆ ಒತ್ತಡದಲ್ಲಿ ಅದೂ ವಿಷ. ಡೈವರ್ ಆಮ್ಲಜನಕದ ಪಾಲಿನ ಒತ್ತಡವನ್ನು ತಳದಲ್ಲಿ 1.4 ಬಾರ್‌ವರೆಗೆ, ನಿಲುಗಡೆಯಲ್ಲಿ 1.6ರವರೆಗೆ ತಾಳಿಕೊಳ್ಳಬಹುದು ಎಂಬುದು ಒಪ್ಪಿತ ಮಿತಿ. ಮೀರಿದರೆ ಮುನ್ಸೂಚನೆಯೇ ಇಲ್ಲದೆ ಫಿಟ್ಸ್ ಬರಬಹುದು. ನೆಲದ ಮೇಲೆ ಫಿಟ್ಸ್ ಬಂದವನು ಬದುಕುತ್ತಾನೆ, ನೀರೊಳಗೆ ಬಾಯಿಯ ರೆಗ್ಯುಲೇಟರ್ ಜಾರಿದವನು ಮುಳುಗುತ್ತಾನೆ. ಶುದ್ಧ ಆಮ್ಲಜನಕದ ಮಿತಿ 6 ಮೀಟರ್. ನೈಟ್ರೋಜನ್ನನ್ನು ಬೇಗ ಹೊರಹಾಕಲು ಟೆಕ್ ಡೈವರ್ ತನ್ನ ಪಕ್ಕೆಗೆ ಇದೇ ಆಮ್ಲಜನಕದ ಸಿಲಿಂಡರನ್ನೂ, 50 ಶೇಕಡದ ಇನ್ನೊಂದನ್ನೂ ತೂಗುಹಾಕಿಕೊಂಡು ಇಳಿಯುತ್ತಾನೆ. 50 ಶೇಕಡದ್ದನ್ನು 21 ಮೀಟರಿಗಿಂತ ಕೆಳಗೆ ಬಾಯಿಗಿಡುವಂತಿಲ್ಲ. ಕತ್ತಲಲ್ಲಿ, ಅಮಲಿನಲ್ಲಿ, ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದು ಬಾಯಿಗೆ ಬಂದರೆ ಕತೆ ಮುಗಿಯಿತು.

ಆದ್ದರಿಂದ ದೋಣಿ ಹತ್ತುವ ಮುಂಚಿನ ಸಪ್ಪೆ ಕೆಲಸವೊಂದನ್ನು ಹತ್ತಿರದಿಂದ ನೋಡಬೇಕು. ಪ್ರತಿಯೊಬ್ಬನೂ ತನ್ನ ಸಿಲಿಂಡರಿನ ವಾಲ್ವನ್ನು ಕೂದಲೆಳೆಯಷ್ಟು ತೆರೆದು, ಅನಲೈಸರಿನ ಮೂತಿಯನ್ನು ಹಿಡಿದು, ಅಂಕಿ ಅಲುಗಾಡುವುದು ನಿಲ್ಲುವವರೆಗೆ ಕಾಯುತ್ತಾನೆ. ಆಮೇಲೆ ಅಗಲದ ಟೇಪು ಸುತ್ತಿ ಮಾರ್ಕರಿನಿಂದ ಬರೆಯುತ್ತಾನೆ: ಶೇಕಡ ಎಷ್ಟು, ಎಷ್ಟು ಆಳದವರೆಗೆ, ತಾರೀಖು, ತನ್ನ ಸಹಿ. ಆಳದ ಅಂಕಿಯನ್ನು ಸಿಲಿಂಡರಿನ ಕುತ್ತಿಗೆಯಿಂದ ಉದ್ದಕ್ಕೆ, ಅಂಗೈಯಗಲದ ಅಕ್ಷರದಲ್ಲಿ. ತನಗೆ ಓದಲೆಂದಲ್ಲ; ನೀರಿನೊಳಗೆ ಅನಿಲ ಬದಲಿಸುವಾಗ ಜೊತೆಗಾರ ದೂರದಿಂದ ಓದಿ ತಲೆಯಾಡಿಸಲಿ ಎಂದು. ತುಂಬಿಸಿದವನು ಹೇಳಿದ್ದನ್ನು ನಂಬುವಂತಿಲ್ಲ, ಆತ ತರಬೇತಿದಾರನೇ ಆಗಿದ್ದರೂ. ಗುರುವಿನ ಮಾತನ್ನು ಪರೀಕ್ಷಿಸದೆ ಒಪ್ಪುವ ನಮ್ಮ ಅಭ್ಯಾಸಕ್ಕೆ ಇದು ಸ್ವಲ್ಪ ಕಷ್ಟ.

ಈ ಶಿಸ್ತಿನ ಬಹುಪಾಲು ಸಮುದ್ರದಿಂದ ಬಂದದ್ದಲ್ಲ, ಗುಹೆಗಳಿಂದ ಬಂದದ್ದು. ಫ್ಲಾರಿಡಾದ ನೀರು ತುಂಬಿದ ಗುಹೆಗಳಲ್ಲಿ ಸಾವಿನ ಮೇಲೆ ಸಾವು ಬಿದ್ದಾಗ ಶೆಕ್ ಎಕ್ಸ್‌ಲಿ ಎಂಬ ಗಣಿತದ ಮೇಷ್ಟ್ರು ಪ್ರತಿಯೊಂದನ್ನೂ ಬಿಡಿಸಿ ನೋಡಿ, 1979ರಲ್ಲಿ ಒಂದು ಸಣ್ಣ ಕೈಪಿಡಿ ಬರೆದರು. ಗಾಳಿಯ ಮೂರನೆಯ ಒಂದು ಪಾಲಿನಲ್ಲಿ ಒಳಗೆ ಹೋಗು, ಇನ್ನೊಂದು ಪಾಲಿನಲ್ಲಿ ಹೊರಗೆ ಬಾ, ಮೂರನೆಯ ಪಾಲನ್ನು ಮುಟ್ಟಬೇಡ. ಹೊರಗಿನವರೆಗೆ ಕಡಿಯದ ಹಗ್ಗವಿರಲಿ. ಈ ನಿಯಮಗಳನ್ನು ಬರೆದ ಮನುಷ್ಯನೇ 1994ರ ಏಪ್ರಿಲ್ 6ರಂದು ಮೆಕ್ಸಿಕೋದ ಸಕತೋನ್ ಎಂಬ ನೀರ್ಗುಂಡಿಯಲ್ಲಿ 300 ಮೀಟರ್ ದಾಟುವ ಪ್ರಯತ್ನದಲ್ಲಿ ಸತ್ತರು. ‘ಟೆಕ್ನಿಕಲ್ ಡೈವಿಂಗ್’ ಎಂಬ ಹೆಸರನ್ನು ಚಲಾವಣೆಗೆ ತಂದದ್ದು 1990ರ ದಶಕದ ಆರಂಭದಲ್ಲಿ, ‘ಆಕ್ವಾಕೋರ್’ ಪತ್ರಿಕೆಯ ಸಂಪಾದಕ ಮೈಕೆಲ್ ಮೆಂಡುನೊ. 1994ರಲ್ಲಿ ಟಿಡಿಐ ಎಂಬ ಸಂಸ್ಥೆ ಹುಟ್ಟಿತು. ಹವ್ಯಾಸಿಗಳ ದೊಡ್ಡ ಸಂಸ್ಥೆಯಾದ ಪ್ಯಾಡಿ ಕೂಡ ಕೆಲವು ವರ್ಷಗಳ ಮೇಲೆ ಈ ಕಣಕ್ಕಿಳಿಯಿತು.

ಈಗಿನ ಮೆಟ್ಟಿಲುಗಳು ಹೆಚ್ಚುಕಡಿಮೆ ಹೀಗಿವೆ. ಪ್ಯಾಡಿಯ ‘ಟೆಕ್ 40’ಕ್ಕೆ ಹದಿನೆಂಟು ವರ್ಷ ತುಂಬಿರಬೇಕು, 30 ಡೈವ್ ಆಗಿರಬೇಕು, ಅದು 40 ಮೀಟರಿನಲ್ಲೇ ಉಳಿದು, ಹತ್ತು ನಿಮಿಷದವರೆಗಿನ ನಿಲುಗಡೆಗೆ ಅನುಮತಿ ಕೊಡುತ್ತದೆ. ಟಿಡಿಐಯಲ್ಲಿ ಅಡ್ವಾನ್ಸ್ಡ್ ನೈಟ್ರಾಕ್ಸ್ ಮತ್ತು ಡಿಕಂಪ್ರೆಷನ್ ಎರಡನ್ನೂ ಒಟ್ಟಿಗೆ ಮಾಡಿದರೆ 45 ಮೀಟರ್. ಅದರ ಮೇಲೆ ಟ್ರೈಮಿಕ್ಸ್ 60, ಅಡ್ವಾನ್ಸ್ಡ್ ಟ್ರೈಮಿಕ್ಸ್ 100. ಮೂವತ್ತು ಡೈವ್ ಎಂದರೆ ಅಂಡಮಾನಿನಲ್ಲಿ ಎರಡು ವಾರದ ರಜೆ. ಅಷ್ಟರಲ್ಲಿ ಕೆಲವರಿಗೆ ನೀರಿನಲ್ಲಿ ಅಲುಗದೆ ನಿಲ್ಲುವುದೂ ಬಂದಿರುವುದಿಲ್ಲ. ಕಾಗದದ ಅರ್ಹತೆಗೂ ಕೈಯ ಅಭ್ಯಾಸಕ್ಕೂ ಇರುವ ಅಂತರವನ್ನು ತೋರಿಸುವುದು ವಾಲ್ವ್ ಡ್ರಿಲ್ ಎಂಬ ಪರೀಕ್ಷೆ. ಬೆನ್ನ ಮೇಲೆ ಜೋಡಿ ಸಿಲಿಂಡರು, ನಡುವೆ ಅವನ್ನು ಬೇರ್ಪಡಿಸುವ ವಾಲ್ವು. ಒಂದು ಕಡೆ ಗಾಳಿ ಸೋರತೊಡಗಿದರೆ ಕೈಯನ್ನು ತಲೆಯ ಹಿಂದಕ್ಕೆ ಚಾಚಿ, ಕಣ್ಣಿಗೆ ಕಾಣದ ಗುಬಟನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಮುಚ್ಚಬೇಕು, ಬಾಯಿಯ ರೆಗ್ಯುಲೇಟರ್ ಬದಲಿಸಬೇಕು, ಮತ್ತೆ ತೆರೆಯಬೇಕು. ಇಷ್ಟೂ ಹೊತ್ತು ಆಳ ಅರ್ಧ ಮೀಟರಿನಷ್ಟೂ ಹೆಚ್ಚುಕಡಿಮೆ ಆಗಕೂಡದು. ಕಂಪ್ಯೂಟರಿನ ಮುಂದೆ ದಿನಕ್ಕೆ ಹತ್ತು ಗಂಟೆ ಕೂತು ಹೆಗಲು ಬಿಗಿದವರಿಗೆ ವಾಲ್ವ್ ಮುಟ್ಟುವುದೇ ದೊಡ್ಡ ಸಾಹಸ. ಹಲವರು ಕೋರ್ಸಿಗೆ ಮುಂಚೆ ತಿಂಗಳುಗಟ್ಟಲೆ ಹೆಗಲ ವ್ಯಾಯಾಮ ಮಾಡಬೇಕಾಗುತ್ತದೆ.

ಕಲಿತದ್ದನ್ನು ರೂಢಿಸಿಕೊಳ್ಳುವುದೆಲ್ಲಿ? ನಮ್ಮ ಕಡೆಯವರ ನಿಜವಾದ ತೊಡಕು ಇದೇ. ಮಾಲ್ವಣದ ಸಮುದ್ರ ಆಳವಿಲ್ಲ. ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮ ಕಟ್ಟಿಸಿದ ತರಬೇತಿ ಕೇಂದ್ರದಲ್ಲಿ ಎಂಟು ಮೀಟರ್ ಆಳದ ಕೊಳವಿದೆ, ಅಭ್ಯಾಸಕ್ಕೆ ಉತ್ತಮ. ಗೋವಾದ ಗ್ರಾಂಡ್ ದ್ವೀಪದ ಬಳಿಯ ಮುಳುಗಿದ ಹಡಗುಗಳೂ ಆಳದಲ್ಲಿಲ್ಲ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ ನೇತ್ರಾಣಿ ಪಶ್ಚಿಮ ಕರಾವಳಿಯ ಒಳ್ಳೆಯ ಡೈವ್ ತಾಣ, ಆದರೆ ಅಲ್ಲಿನ ಬಂಡೆ, ಮೀನು, ಹವಳ ಎಲ್ಲ ಹವ್ಯಾಸಿಯ ಕೈಗೆಟಕುವ ಆಳದಲ್ಲೇ ಇವೆ. ಮಳೆಗಾಲದ ತಿಂಗಳುಗಳಲ್ಲಿ ಎಲ್ಲವೂ ಬಂದ್. ವಿಜಯದುರ್ಗದಿಂದ ನೂರು ಕಿಲೋಮೀಟರಿಗೂ ಆಚೆ, ಕಾನ್ಹೋಜಿ ಆಂಗ್ರೆಯ ಹೆಸರು ಹೊತ್ತ ಆಂಗ್ರಿಯಾ ಬ್ಯಾಂಕ್ ಎಂಬ ಮುಳುಗಿದ ದಿಬ್ಬವಿದೆ. ನೆತ್ತಿ ಸುಮಾರು 20 ಮೀಟರಿನಲ್ಲಿ, ಅಂಚು ಇಳಿದದ್ದು ನೂರಾರು ಮೀಟರಿಗೆ. ಟೆಕ್ ಡೈವಿಂಗಿಗೆ ಕಾರಣವೆನ್ನಬಹುದಾದ ಜಾಗ ಈ ತೀರದಲ್ಲಿ ನನ್ನ ಮಟ್ಟಿಗೆ ಅದೊಂದೇ, ಆದರೆ ಹೋಗಿ ಬರುವುದೇ ವಿಜ್ಞಾನಿಗಳ ತಂಡಗಳಿಗೆ ಮಾತ್ರ ಸಾಧ್ಯವಾಗುವಂಥ ಪ್ರಯಾಣ. ಉಳಿದದ್ದು ಅಂಡಮಾನ್, ಪುದುಚೇರಿ, ಇಲ್ಲವೇ ಥಾಯ್ಲೆಂಡ್, ಈಜಿಪ್ಟು. ವರ್ಷಕ್ಕೊಮ್ಮೆ ವಿಮಾನ ಹತ್ತಿ ಹೋಗಿ ಆರು ಡೈವ್ ಮಾಡಿಬಂದರೆ ಕಾರ್ಡು ಉಳಿಯುತ್ತದೆ, ಕೈಯ ಪಳಗು ಹೋಗಿಬಿಡುತ್ತದೆ. ಇದರ ಮೇಲೆ ಹೀಲಿಯಂ ಬೇರೆ. ಭಾರತ ತನಗೆ ಬೇಕಾದ ಹೀಲಿಯಮ್ಮನ್ನು ಹೆಚ್ಚುಕಡಿಮೆ ಪೂರ್ತಿ ಆಮದು ಮಾಡಿಕೊಳ್ಳುತ್ತದೆ, ಎಂಆರ್‌ಐ ಯಂತ್ರಕ್ಕೆ ಬೇಕಾದದ್ದೂ ಅದೇ. ಡೈವರ್ ಒಂದು ಉಸಿರಿಗೆ ಎಳೆದು ಗುಳ್ಳೆಯಾಗಿ ಬಿಡುವುದು ಈ ದುಬಾರಿ ಸರಕನ್ನು.

ಆ ಕಾರಣಕ್ಕೇ ರಿಬ್ರೀದರ್. ಬಿಟ್ಟ ಉಸಿರನ್ನು ಸುಣ್ಣದ ಹರಳುಗಳ ಡಬ್ಬಿಯ ಮೂಲಕ ಹಾಯಿಸಿ, ಡೈಆಕ್ಸೈಡ್ ತೆಗೆದು, ಕಡಿಮೆಯಾದಷ್ಟು ಆಮ್ಲಜನಕ ಸೇರಿಸಿ ಮತ್ತೆ ಉಸಿರಾಡಿಸುವ ಯಂತ್ರ. ಅನಿಲ ಉಳಿಯುತ್ತದೆ, ಗುಳ್ಳೆಯ ಸದ್ದಿಲ್ಲದ್ದರಿಂದ ಮೀನು ಹತ್ತಿರ ಬರುತ್ತವೆ. ಆದರೆ ಕೆಟ್ಟರೆ ಗೊತ್ತಾಗುವ ಮುಂಚೆ ಎಚ್ಚರ ತಪ್ಪುತ್ತದೆ. 1998ರಿಂದ 2010ರವರೆಗೆ ಇಂಥ ಯಂತ್ರಗಳೊಡನೆ ಸತ್ತ 181 ಜನರ ಮಾಹಿತಿಯನ್ನು ಆಂಡ್ರೂ ಫಾಕ್ ಎಂಬ ವೈದ್ಯರು ಒಟ್ಟುಮಾಡಿ, ಸಾದಾ ಸ್ಕೂಬಾಕ್ಕಿಂತ ಅಪಾಯ ಸುಮಾರು ಹತ್ತು ಪಟ್ಟು ಎಂದು ಅಂದಾಜಿಸಿದರು. 2005ರ ಜನವರಿ 8ರಂದು ದಕ್ಷಿಣ ಆಫ್ರಿಕದ ಬುಷ್‌ಮನ್ಸ್ ಗುಂಡಿಯ ತಳದಲ್ಲಿ, 270 ಮೀಟರಿನಲ್ಲಿ, ಹಿಂದೆ ಸತ್ತವನ ಶವ ತರಲು ಹೋಗಿ ಸತ್ತ ಡೇವಿಡ್ ಶಾ ಕೂಡ ರಿಬ್ರೀದರಿನಲ್ಲೇ ಇದ್ದರು. ಪಳಗಿದ ವಿಮಾನ ಪೈಲಟ್. ಕೊಂದದ್ದು ಯಂತ್ರದ ದೋಷವಲ್ಲ. ದಟ್ಟವಾದ ಅನಿಲದಲ್ಲಿ ಮೈಬಗ್ಗಿಸಿ ಕೆಲಸ ಮಾಡಿದಾಗ ಒಳಗೆ ತುಂಬಿಕೊಂಡ ಡೈಆಕ್ಸೈಡ್.

ದಾಖಲೆಗಳ ಮಾತನ್ನು ಬೇಗ ಮುಗಿಸೋಣ. 2014ರ ಸೆಪ್ಟೆಂಬರ್ 18ರಂದು ಈಜಿಪ್ಟಿನ ಅಹ್ಮದ್ ಗಬ್ರ್ 332.35 ಮೀಟರಿಗೆ ಇಳಿದರು. ಇಳಿಯಲು ಕಾಲು ಗಂಟೆ, ಏರಲು ಹದಿಮೂರು ಗಂಟೆಗೂ ಹೆಚ್ಚು. ಅಲ್ಲಿ ನೋಡುವುದೇನೂ ಇರಲಿಲ್ಲ.

ನವಿಮುಂಬಯಿಯ ಮಟ್ಟಿಗೆ ಆಳ ಬೇರೊಂದು ಅರ್ಥದಲ್ಲಿ ದಿನಬಳಕೆಯ ವಿಷಯ, ಇದನ್ನು ನಮ್ಮ ಹವ್ಯಾಸಿಗಳು ಮರೆಯುತ್ತಾರೆ. ಉರಣದಲ್ಲಿರುವ ಓಎನ್‌ಜಿಸಿಯ ಘಟಕಕ್ಕೆ ಅನಿಲ ಬರುವುದು ಮುಂಬಯಿಯಿಂದ 160 ಕಿಲೋಮೀಟರ್ ಪಶ್ಚಿಮಕ್ಕಿರುವ ಬಾಂಬೆ ಹೈನಿಂದ. 1974ರಲ್ಲಿ ತೈಲ ಸಿಕ್ಕ ಆ ಜಾಗದಲ್ಲಿ ನೀರಿನ ಆಳ ಸುಮಾರು 75 ಮೀಟರ್. ಅಲ್ಲಿನ ಕೊಳವೆ, ಕಂಬಗಳ ದುರಸ್ತಿಗೆ ಇಳಿಯುವವರು ಸ್ಯಾಚುರೇಷನ್ ಡೈವರುಗಳು. ಹಡಗಿನ ಮೇಲಿನ ಉಕ್ಕಿನ ಕೋಣೆಯಲ್ಲಿ ಆ ಆಳದ ಒತ್ತಡದಲ್ಲೇ ವಾರಗಟ್ಟಲೆ ಉಂಡು ಮಲಗಿ, ಗಂಟೆಯಾಕಾರದ ತೊಟ್ಟಿಯಲ್ಲಿ ತಳಕ್ಕೆ ಹೋಗಿ ಕೆಲಸ ಮಾಡಿ, ಕೊನೆಗೆ ಒಂದೇ ಸಲ, ದಿನಗಟ್ಟಲೆ ಕಾದು ಒತ್ತಡ ಇಳಿಸಿಕೊಂಡು ಹೊರಬರುತ್ತಾರೆ. ಅವರ ಉಸಿರು ಮೇಲಿನಿಂದ ಕೊಳವೆಯಲ್ಲಿ ಬರುತ್ತದೆ, ಕಿವಿಯಲ್ಲಿ ಮೇಲ್ವಿಚಾರಕನ ದನಿ ಇರುತ್ತದೆ, ಕೆಟ್ಟದ್ದಾದರೆ ಚೇಂಬರ್ ಹೆಜ್ಜೆಯಳತೆಯಲ್ಲಿದೆ. ಸಂಬಳಕ್ಕೆ 75 ಮೀಟರಿಗೆ ಹೋಗುವವನ ಸುತ್ತ ಇಷ್ಟೆಲ್ಲ ವ್ಯವಸ್ಥೆ. ಹವ್ಯಾಸಕ್ಕೆ 60 ಮೀಟರಿಗೆ ಹೋಗುವವನ ಕೈಯಲ್ಲಿ ಟೇಪು ಅಂಟಿಸಿದ ಎರಡು ಸಿಲಿಂಡರು ಮತ್ತು ಅವನಷ್ಟೇ ದಣಿದ ಜೊತೆಗಾರ.

ಹಾಗೆಂದು ಕೆಲಸದ ಡೈವಿಂಗಿಗೂ ಸಮುದ್ರ ಕರುಣೆ ತೋರುವುದಿಲ್ಲ. 2021ರ ಮೇ 17ರಂದು ತೌಕ್ತೆ ಚಂಡಮಾರುತದಲ್ಲಿ ಇದೇ ತೈಲಕ್ಷೇತ್ರದ ಬಳಿ ಪಿ-305 ಬಾರ್ಜ್ ಮುಳುಗಿದಾಗ ನೌಕಾಪಡೆಯ ಡೈವರುಗಳು ಶವಗಳಿಗಾಗಿ ಅವಶೇಷದವರೆಗೂ ಇಳಿಯಬೇಕಾಯಿತು. 2013ರ ಆಗಸ್ಟ್ 14ರಂದು ಮುಂಬಯಿ ಬಂದರಿನಲ್ಲೇ ಸಿಂಧುರಕ್ಷಕ್ ಸಬ್‌ಮರೀನ್ ಸ್ಫೋಟಗೊಂಡು 18 ನಾವಿಕರು ಸತ್ತಾಗ ಇಳಿದವರಿಗೆ ಆಳ ಸಮಸ್ಯೆಯಾಗಿರಲೇ ಇಲ್ಲ. ಕಣ್ಣಿಗೆ ಏನೂ ಕಾಣದ ಕೆಸರು ನೀರು, ಬಾಗಿದ ಉಕ್ಕು, ಕುದಿದು ಅಂಟಿಕೊಂಡ ಬಾಗಿಲುಗಳು. ಕರ್ನಾಟಕದವರಾದ ಶಿಕಾರಿಪುರ ರಂಗನಾಥ ರಾವ್ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಿಂದ 1980ರ ದಶಕದಲ್ಲಿ ನಡೆಸಿದ ದ್ವಾರಕೆಯ ಕಡಲೊಳಗಿನ ಉತ್ಖನನವನ್ನು ನೋಡಿ. ದೇಶದ ನೀರೊಳಗಿನ ಪುರಾತತ್ತ್ವ ಶುರುವಾದ ಆ ಜಾಗ ಹವ್ಯಾಸಿಯೂ ಸಲೀಸಾಗಿ ಇಳಿಯುವಷ್ಟು ಆಳದ್ದು. ದೊಡ್ಡ ಕೆಲಸಕ್ಕೆ ದೊಡ್ಡ ಆಳ ಬೇಕೆಂದೇನಿಲ್ಲ.

2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಸಿಕ್ಕಿಬಿದ್ದ ಹನ್ನೆರಡು ಹುಡುಗರು ಮತ್ತು ಅವರ ಕೋಚನ್ನು ಜುಲೈ 2ರಂದು ಮೊದಲು ಕಂಡವರು ಇಬ್ಬರು ಇಂಗ್ಲಿಷ್ ಹವ್ಯಾಸಿಗಳು: ಅಗ್ನಿಶಾಮಕದಳದಿಂದ ನಿವೃತ್ತರಾದ ರಿಕ್ ಸ್ಟಾಂಟನ್, ಐಟಿ ಸಲಹೆಗಾರ ಜಾನ್ ವೊಲಾಂಥನ್. ವಾರಾಂತ್ಯಗಳಲ್ಲಿ ಬ್ರಿಟನ್ನಿನ ತಣ್ಣನೆಯ ಕೆಸರು ಗುಹೆಗಳಲ್ಲಿ ದಶಕಗಟ್ಟಲೆ ತೆವಳಿದವರು. ಅಲ್ಲಿ ಆಳ ಹೆಚ್ಚಿರಲಿಲ್ಲ. ದಾರಿ ಮುಚ್ಚಿತ್ತು ಅಷ್ಟೆ. ಥಾಯ್ ನೌಕಾಪಡೆಯ ಮಾಜಿ ಕಮಾಂಡೊ ಸಮನ್ ಕುನಾನ್ ಜುಲೈ 6ರಂದು ಸಿಲಿಂಡರುಗಳನ್ನಿಟ್ಟು ಹಿಂದಿರುಗುವಾಗ ಪ್ರಾಣ ಬಿಟ್ಟರು. ಆ ಗುಹೆಯ ನೀರೆತ್ತಲು ನೆರವಾದವರಲ್ಲಿ ಕಿರ್ಲೋಸ್ಕರ್ ಕಂಪನಿಯ ಪಂಪು ತಜ್ಞರೂ ಇದ್ದರು. ಆ ಮನೆತನದ ಲಕ್ಷ್ಮಣರಾಯರು ಹುಟ್ಟಿದ್ದು ನಮ್ಮ ಬೆಳಗಾವಿಯ ಗುರ್ಲಹೊಸೂರಿನಲ್ಲಿ. ಇದು ಇಲ್ಲಿಗೆ ಸಂಬಂಧವಿಲ್ಲದ ಮಾತು, ಹೇಳದೆ ಇರಲಾಗಲಿಲ್ಲ.

ಸಂಬಂಧವಿರುವ ಮಾತು ಅಂಕೋಲೆಯ ಶಿರೂರಿನದು. 2024ರ ಜುಲೈ 16ರಂದು ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿಯ ತಳ ಸೇರಿದಾಗ ಮಲ್ಪೆಯ ಈಶ್ವರ್ ಮತ್ತವರ ಸಂಗಡಿಗರು ಸೆಳವಿಗೆ ಎದುರಾಗಿ ಮತ್ತೆ ಮತ್ತೆ ಇಳಿದರು. ಲಾರಿ ಮೇಲೆ ಬಂದದ್ದು ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 25ರಂದು, ಗೋವಾದಿಂದ ಡ್ರೆಜರ್ ತರಿಸಿದ ಬಳಿಕ. ಖಾಡಿಗೆ ಹಾರಿದವರನ್ನು ಹುಡುಕಲು ವಾಶಿ ಸೇತುವೆಯ ಕೆಳಗೂ ಮೊದಲು ಓಡುವವರು ಹೆಚ್ಚಾಗಿ ಕೋಳಿ ಮೀನುಗಾರರೇ. ಕೆಸರು ನೀರಿನ ಶೋಧ ಬೇರೆಯದೇ ವಿದ್ಯೆ, ಟೆಕ್ ಕಾರ್ಡಿನಿಂದ ಅದು ಬರುವುದಿಲ್ಲ. ಆದರೂ ಗಾಳಿಯ ಲೆಕ್ಕ, ಪ್ರತಿಯೊಂದಕ್ಕೂ ಬದಲಿ, ಕಣ್ಣು ಕಾಣದೆಯೂ ಕೈಯಿಂದ ಕೆಲಸ ಮಾಡುವ ರೂಢಿ ಎರಡಕ್ಕೂ ಸಮಾನ. ಈ ವಿದ್ಯೆಯ ಅಗತ್ಯ ಇರುವವರಿಗೆ ಅದನ್ನು ಕೊಳ್ಳುವ ಶಕ್ತಿಯಿಲ್ಲ, ಕೊಳ್ಳುವವರಿಗೆ ಅಗತ್ಯವಿಲ್ಲ. ಮುಂಬಯಿ ಕನ್ನಡಿಗರ ಸಂಘಗಳು ಊರಿನ ಶಾಲೆಗೆ ಬೆಂಚು ಕೊಡುತ್ತವೆ, ಆಸ್ಪತ್ರೆಗೆ ಆಂಬುಲೆನ್ಸ್ ಕೊಡುತ್ತವೆ. ಕರಾವಳಿಯ ನಾಲ್ಕು ಮುಳುಗುಗಾರರಿಗೆ ಸರಿಯಾದ ತರಬೇತಿ ಕೊಡಿಸುವುದೂ ಅವುಗಳ ಯೋಚನೆಗೆ ಬಂದರೆ ಚೆನ್ನ.

ಮತ್ತೆ ಗುಳ್ಳೆಗಳ ವಿಚಾರ, ಏಕೆಂದರೆ ಅದು ದೋಣಿಯಿಂದ ಇಳಿದ ಮೇಲೂ ಬೆನ್ನು ಬಿಡುವುದಿಲ್ಲ. ಗುಳ್ಳೆ ಕಟ್ಟಿದವರಿಗೆ ಮದ್ದು ಆಮ್ಲಜನಕ ಮತ್ತು ಮರುಒತ್ತಡದ ಚೇಂಬರ್. ಮುಂಬಯಿಯಲ್ಲಿ ಈ ವಿದ್ಯೆಯ ಮನೆ ಕೊಲಾಬಾದ ನೌಕಾ ಆಸ್ಪತ್ರೆ ಅಶ್ವಿನಿ. ಥಾಣೆಯಿಂದ ಅದು ಟ್ರಾಫಿಕ್ಕಿನ ಪ್ರಶ್ನೆ, ಮಾಲ್ವಣದಿಂದ ಸುಮಾರು 500 ಕಿಲೋಮೀಟರ್. ಗಾಯ ಮಾಯಲೆಂದು ಖಾಸಗಿ ಕ್ಲಿನಿಕ್ಕುಗಳು ಇಟ್ಟ ಒಬ್ಬರ ಅಳತೆಯ ಕೊಳವೆಗಳೆಲ್ಲ ಡೈವರನ ಚಿಕಿತ್ಸೆಗೆ ಆಗುತ್ತವೆ ಎಂದುಕೊಳ್ಳಬಾರದು. ಇನ್ನು ಮನೆಗೆ ಬರುವ ದಾರಿ. ಡೈವ್ ಮುಗಿಸಿ ವಿಮಾನ ಹತ್ತುವ ಮುಂಚೆ ಒಂದು ಡೈವಿಗೆ 12 ಗಂಟೆ, ಹಲವು ಡೈವಿಗೆ 18 ಗಂಟೆ, ನಿಲುಗಡೆ ಬೇಕಾದ ಡೈವಿಗೆ ಒಂದು ದಿನಕ್ಕೂ ಕಡಿಮೆಯಿಲ್ಲದಂತೆ ಕಾಯಬೇಕು ಎಂದು ಎಲ್ಲರೂ ಓದಿರುತ್ತಾರೆ. ಘಟ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಾನುವಾರ ಮಧ್ಯಾಹ್ನ ಮಾಲ್ವಣದಲ್ಲಿ ಕೊನೆಯ ಡೈವ್ ಮಾಡಿ, ರಸ್ತೆ ಚೆನ್ನಾಗಿದೆಯೆಂದು ಅಂಬೋಲಿ ಘಟ್ಟ ಹತ್ತಿ ಕೊಲ್ಹಾಪುರ, ಪುಣೆಯ ಮೇಲೆ ಕಾರು ಓಡಿಸಿಕೊಂಡು ಬರುವವರು ಸುಮಾರು 690 ಮೀಟರ್ ಎತ್ತರಕ್ಕೆ ಏರಿರುತ್ತಾರೆ. ವಿಮಾನದ ನಿಯಮಗಳು ಅನ್ವಯಿಸತೊಡಗುವುದೇ 600ರಿಂದ. ನೇತ್ರಾಣಿಯಿಂದ ಅದೇ ರಾತ್ರಿ ಬಸ್ಸು ಹಿಡಿದು 900 ಮೀಟರ್ ಎತ್ತರದ ಬೆಂಗಳೂರಿಗೆ ಹೋಗುವವರದೂ ಇದೇ ಪಾಡು. ಕರಾವಳಿಗುಂಟ ಬರುವ ರೈಲು ಈ ಮಟ್ಟಿಗೆ ಡೊಂಬಿವಲಿಯವರ ಪುಣ್ಯ.

ಈ ಶಾಸ್ತ್ರದಲ್ಲಿ ಎಲ್ಲವೂ ಇತ್ಯರ್ಥವಾಗಿದೆ ಎಂದೂ ಅಲ್ಲ. ಒಂದು ಕಾಲದಲ್ಲಿ ಟೆಕ್ ವಲಯ ‘ಡೀಪ್ ಸ್ಟಾಪ್’ ಎಂಬುದನ್ನು ವೇದವಾಕ್ಯವೆಂದು ನಂಬಿತ್ತು: ಬಹಳ ಕೆಳಗಿನಿಂದಲೇ ನಿಲ್ಲಲು ಶುರುಮಾಡಿದರೆ ಗುಳ್ಳೆ ಹುಟ್ಟುವುದೇ ಇಲ್ಲ ಎಂದು. ಅಮೆರಿಕದ ನೌಕಾಪಡೆ ಇದನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಕೊಟ್ಟಿತು. ಸುಮಾರು 52 ಮೀಟರಿಗೆ 30 ನಿಮಿಷ. ನಿಲುಗಡೆಯ ಒಟ್ಟು ಹೊತ್ತು ಒಂದೇ, ಹಂಚಿಕೆ ಮಾತ್ರ ಬೇರೆ. ಆಳದಲ್ಲಿ ನಿಂತ 198 ಡೈವುಗಳಲ್ಲಿ 11 ಮಂದಿಗೆ ಗುಳ್ಳೆಯ ಕಾಯಿಲೆ, ಮೇಲೆ ನಿಂತ 192ರಲ್ಲಿ ಮೂವರಿಗೆ. ಹಳೆಯ ಕೋರ್ಸಿನ ಟಿಪ್ಪಣಿ ಪುಸ್ತಕವನ್ನೇ ಇಟ್ಟುಕೊಂಡು ಇನ್ನೂ ಪಾಠ ಹೇಳುವವರಿದ್ದಾರೆ, ಅದಕ್ಕೇ ಇದನ್ನು ಬರೆದೆ.

ನಮ್ಮ ಕರಾವಳಿಯಲ್ಲಿ ಅಪಾಯ ಬರುವುದು ಇಂಥ ಸೂಕ್ಷ್ಮಗಳಿಂದಲ್ಲ ಎಂಬುದೂ ನಿಜ. 2022ರ ಮೇ 24ರಂದು ತಾರ್ಕರ್ಲಿಯ ಬಳಿ ಪ್ರವಾಸಿಗರ ದೋಣಿ ಮಗುಚಿ ಇಬ್ಬರು ಸತ್ತದ್ದು ಸಮುದ್ರದ ತಳದಲ್ಲಲ್ಲ, ಮೇಲೆ. ದೋಣಿಯಲ್ಲಿ ಎಷ್ಟು ಜನ, ಲೈಫ್ ಜಾಕೆಟ್ ಎಷ್ಟು, ಆಮ್ಲಜನಕದ ಪೆಟ್ಟಿಗೆ ಇದೆಯೇ, ಅದರಲ್ಲಿ ಆಮ್ಲಜನಕ ಇದೆಯೇ ಎಂದು ಕೇಳುವ ಅಭ್ಯಾಸ ಹವ್ಯಾಸಿಗೇ ಇಲ್ಲದಿದ್ದರೆ ಟೆಕ್ ತರಗತಿಗೆ ಸೇರಿದ ಮೇಲೆ ಬಂದೀತೆಂದು ನಂಬುವುದು ಕಷ್ಟ.

ಮುಳುಗಿದ ಹಡಗೊಂದರ ಚರಿತ್ರೆ ಬಿಡಿಸಬೇಕು, ನಲವತ್ತರ ಕೆಳಗಿನ ಹವಳ ಎಣಿಸಬೇಕು, ಗುಹೆಯ ನಕ್ಷೆ ಬರೆಯಬೇಕು ಎಂಬ ಕಾರಣ ಕೈಯಲ್ಲಿದ್ದವರು ಖಂಡಿತ ಹೋಗಬೇಕು. ಅವರೂ ಹಣ ಕಟ್ಟುವ ಮುಂಚೆ ತರಬೇತಿದಾರನನ್ನು ಕೆಲವು ಮಾತು ಕೇಳಲಿ. ಕಲಿಸುವ ಆಳದಲ್ಲಿ ತಾನು, ಶಿಷ್ಯರಿಲ್ಲದೆ, ಈಚೆಗೆ ಯಾವಾಗ ಡೈವ್ ಮಾಡಿದ್ದು? ಅನಲೈಸರಿನ ಸೆಲ್ ಬದಲಿಸಿ ಎಷ್ಟು ದಿನವಾಯಿತು? ಹತ್ತಿರದ ಚೇಂಬರ್ ಎಲ್ಲಿ, ರಾತ್ರಿ ಅಲ್ಲಿ ಫೋನ್ ಎತ್ತುವವರು ಯಾರು? ಇದುವರೆಗೆ ಎಷ್ಟು ಜನರನ್ನು ಫೇಲ್ ಮಾಡಿದ್ದೀರಿ? ಕೊನೆಯ ಪ್ರಶ್ನೆಗೆ ಉತ್ತರ ಸೊನ್ನೆ ಎಂದಾದರೆ ಬೇರೆ ತರಬೇತಿದಾರನನ್ನು ಹುಡುಕುವುದು ಒಳ್ಳೆಯದು.